ಬಾರಿಟೋನ್ ಮುಂದೆ ಬರಬೇಕಿಲ್ಲ, ಒಬೊ ಹಿಂದೆ ಸರಿಯಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಬರೋಕ್ ಕಾಲದ (ಯುರೋಪಿನಲ್ಲಿ ಸುಮಾರು 1600ರಿಂದ 1750) ಭಕ್ತಿಪರ ಏಕಗಾಯನ ಕ್ಯಾಂಟಾಟಾಗಳನ್ನು, ಅಂದರೆ ವಾದ್ಯಗಳ ಜತೆ ಹಾಡುವ ಹಲವು ಭಾಗಗಳ ಕೃತಿಗಳನ್ನು, ಬಾರಿಟೋನ್ (ನಡು ಎತ್ತರದ ಗಂಡು ಕಂಠದ) ಗಾಯಕರೊಬ್ಬರು ಹಾಡಿದ ಧ್ವನಿಮುದ್ರಣದ ಪರಿಚಯ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆ ಅರ್ಧ ಪುಟ ಬಿಟ್ಟುಕೊಡುವುದೇ ಅಪರೂಪ, ಅದಕ್ಕೆ ಮೊದಲು ವಂದನೆ. ಆದರೆ ಲೇಖನ ಮೂರು ದೂರು ಹೇಳಿದೆ: ಇಡೀ ಆಲ್ಬಂ ಅರ್ಧ ಸ್ವರ ಕೆಳಗೆ ಇಳಿದಿದೆ, ಒಬೊ ಎಂಬ ಊದುವ ವಾದ್ಯ ಗಾಯಕನನ್ನು ಮುಚ್ಚಿಹಾಕುತ್ತದೆ, ಹಿಮ್ಮೇಳ ಬಡಕಲಾಗಿದೆ. ಈ ಮೂರೂ ದೋಷಗಳಲ್ಲ. ಲೇಖನದ ಕೊನೆಗೆ ಕಾಸರಗೋಡು ಕಡೆಯ ಚರ್ಚ್ ಗಾಯನವೃಂದಗಳಿಗೆ ಒಂದು ಸಲಹೆಯೂ ಇದೆ: ಫೆಬ್ರವರಿ 2ರ ಮೇಣದಬತ್ತಿಗಳ ಹಬ್ಬಕ್ಕೆ ಕೀಬೋರ್ಡಿನಲ್ಲಿ ಟ್ರ್ಯಾಕ್ ತುಂಬಿಸಿಟ್ಟು, ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಸ್ವಲ್ಪ ಎಕೋ ಕೊಟ್ಟು ಹಾಡಿಸಿದರೆ ಸಾಕಂತೆ. ಈ ಕ್ರಮದಲ್ಲಿ ಹೋದರೆ ಏನೇನು ಕೆಡುತ್ತದೆ, ಏಕೆ ಕೆಡುತ್ತದೆ ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ಶ್ರುತಿಯ ಮಾತು. ಇಂದಿನ ಕೀಬೋರ್ಡುಗಳಲ್ಲಿ ಎ ಸ್ವರ 440 ಹರ್ಟ್ಸ್. ಜರ್ಮನ್ ಸಂಗೀತ ರಚನೆಕಾರ ಬಾಖ್‌ನ ಕೃತಿಗಳನ್ನು ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸುವವರು ಸಾಮಾನ್ಯವಾಗಿ 415ಕ್ಕೆ ಕಟ್ಟಿಕೊಳ್ಳುತ್ತಾರೆ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಆರರಲ್ಲಿ ಇರಬೇಕಾದ ಸ್ವರ ಕಪ್ಪು ನಾಲ್ಕಕ್ಕೆ ಬಂದು ಕೂರುತ್ತದೆ, ಅಂದರೆ ಸರಿಯಾಗಿ ಅರ್ಧ ಸ್ವರ ಕೆಳಗೆ. ಸಿ ಸ್ವರವನ್ನು ಆಧಾರವಾಗಿಟ್ಟ ‘ಸಿ ಮೈನರ್’ ಕೃತಿ ನಮ್ಮ ಕಿವಿಗೆ ಬಿ ಮೈನರ್‌ನಂತೆ ಕೇಳಿಸುತ್ತದೆ. ಇದು ಎಂಜಿನಿಯರ್ ಮಾಡಿದ ತಪ್ಪಲ್ಲ, ವಾದಕರು ತಿಳಿದೇ ಮಾಡಿದ ಆಯ್ಕೆ. ಬಾಖ್ ಕಾಲದ ಲೈಪ್ಜಿಗ್‌ನಲ್ಲಿ ಒಂದೇ ಚರ್ಚಿನೊಳಗೆ ಎರಡು ಶ್ರುತಿ ಇರುತ್ತಿದ್ದವು. ಆರ್ಗನ್ನಿನದು ಉಳಿದ ವಾದ್ಯಗಳಿಗಿಂತ ಒಂದು ಪೂರ್ಣ ಸ್ವರ ಎತ್ತರ. ಹಾಗಾಗಿ ಉಳಿದವರು ಸಿ ಮೈನರ್ ಹಾಳೆ ಇಟ್ಟುಕೊಂಡಿದ್ದರೆ ಆರ್ಗನ್ ನುಡಿಸುವವನ ಹಾಳೆಯನ್ನು ಬಿ ಫ್ಲ್ಯಾಟ್ ಮೈನರ್‌ನಲ್ಲಿ ಬರೆದುಕೊಡಬೇಕಾಗಿತ್ತು. ಬಾಖ್‌ಗಿಂತ ಹಿಂದಿನ ತಲೆಮಾರುಗಳ ರಚನೆಕಾರರಾದ ಬ್ರೂನ್ಸ್, ಬೀಬರ್, ಶ್ಯೂಟ್ಸ್ ಅವರ ಕೃತಿಗಳನ್ನು ಈಗಿನವರು 465ರ ಆಸುಪಾಸಿನಲ್ಲಿ, ಅಂದರೆ ಕಪ್ಪು ಐದರ ಎತ್ತರದಲ್ಲಿ ನುಡಿಸುವುದೂ ಉಂಟು. ಒಂದೇ ಆಲ್ಬಂನಲ್ಲಿ ಬ್ರೂನ್ಸ್ ಮುಗಿದು ಬಾಖ್ ಶುರುವಾದಾಗ ನೆಲ ಕುಸಿದಂತೆ ಅನಿಸಿದರೆ ಕಾರಣ ಇದೇ.

ಆದ್ದರಿಂದ ಮೊಬೈಲ್ ಆ್ಯಪಿನಲ್ಲಿ ಪಿಚ್ ಅರ್ಧ ಸ್ವರ ಏರಿಸಿ ಕೇಳಿ ಎಂಬ ಲೇಖನದ ಸಲಹೆಯನ್ನು ಓದುಗರು ದಯವಿಟ್ಟು ಕೈಬಿಡಬೇಕು. ಹಾಗೆ ಏರಿಸಿದರೆ ಶ್ರುತಿಯ ಜತೆಗೆ ಗಾಯಕನ ಕಂಠದ ಬಣ್ಣವೂ ಮೇಲೆ ಸರಿಯುತ್ತದೆ. ಬಾರಿಟೋನ್ ಮೂಗಿನಲ್ಲಿ ಹಾಡುವ ಟೆನರ್ (ಎತ್ತರದ ಗಂಡು ಕಂಠ) ಆಗುತ್ತಾನೆ, ಪದಗಳ ಕೊನೆಯ ವ್ಯಂಜನಗಳು ಹರಡಿಕೊಳ್ಳುತ್ತವೆ, ಒಬೊ ಜಾತ್ರೆಯ ಪೀಪಿಯಾಗುತ್ತದೆ.

415ರಿಂದ ಗಾಯಕನಿಗೆ ಲಾಭವೂ ಉಂಟು, ನಷ್ಟವೂ ಉಂಟು. ಮೇಲಿನ ಇ ಫ್ಲ್ಯಾಟ್ ಈಗ ಡಿ ಎತ್ತರದಲ್ಲೇ ಸಿಗುವುದರಿಂದ ಕಂಠ ಬಿಗಿಯುವುದಿಲ್ಲ. ಆದರೆ ಕೆಳಗಿನ ಸ್ವರಗಳು ಇನ್ನೂ ಕೆಳಗಿಳಿಯುತ್ತವೆ, ಬಾರಿಟೋನ್‌ಗೆ ಕಷ್ಟವಾಗುವುದು ಅಲ್ಲೇ. ಬಾಖ್ ಈ ಭಾಗಗಳನ್ನು ಬಾಸ್ ಕ್ಲೆಫ್ (ಕೆಳಗಿನ ಸ್ವರಗಳಿಗೆ ಸಾಲಿನ ಆರಂಭದಲ್ಲಿ ಹಾಕುವ ಗುರುತು) ಹಾಕಿ ಬರೆದ; ಅತಿ ಕೆಳಗಿನ ಕಂಠ ಬಾಸ್, ಅದರ ಮೇಲಿನದು ಬಾರಿಟೋನ್ ಎಂದು ಇಂದಿನಂತೆ ಬೇರೆ ಮಾಡಲಿಲ್ಲ. ಅದನ್ನು ನೋಡಿ ‘ನಾನು ಬಾಸ್ ಆಗಬೇಕು’ ಎಂದು ಗಂಟಲು ಒತ್ತಿ ದಪ್ಪ ಮಾಡಿಕೊಂಡರೆ ಸ್ವರಾಕ್ಷರಗಳೆಲ್ಲ ಒಂದೇ ‘ಓ’ ಆಗಿ, ಶ್ರುತಿ ಕೂದಲೆಳೆಯಷ್ಟು ಕೆಳಗೆ ಜಾರಿ, ಪಕ್ಕದ ಒಬೊ ಎದುರು ಅದು ಎದ್ದು ಕಾಣುತ್ತದೆ. ಕೆಳಸ್ವರ ಸಣ್ಣದಾಗಿ ಬಂದರೂ ತೊಂದರೆಯಿಲ್ಲ, ಪದ ಕೇಳಿಸಿದರೆ ಸಾಕು.

ಇನ್ನು ಒಬೊ. ಲೇಖನ ಬಹುವಾಗಿ ದೂರಿದ್ದು ಬಿಡಬ್ಲ್ಯುವಿ 82 (ಬಾಖ್ ಕೃತಿಪಟ್ಟಿಯಲ್ಲಿನ ಸಂಖ್ಯೆ), ‘ಇಖ್ ಹಾಬೆ ಗೆನೂಕ್’, ಅಂದರೆ ‘ನನಗಿಷ್ಟು ಸಾಕು’ ಎಂಬ ಕ್ಯಾಂಟಾಟಾವನ್ನು. ಇದು 1727ರ ಫೆಬ್ರವರಿ 2ಕ್ಕೆ, ಮಾತೆ ಮರಿಯಳ ಶುದ್ಧೀಕರಣದ ಹಬ್ಬಕ್ಕೆಂದು ಬರೆದದ್ದು. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಮುದುಕ ಸಿಮೆಯೋನ ಶಿಶುವನ್ನು ಕೈಗೆತ್ತಿಕೊಂಡು ‘ಇನ್ನು ಹೊರಡುತ್ತೇನೆ’ ಎನ್ನುವ ಪ್ರಸಂಗ. ಸಾಹಿತ್ಯ ಕ್ರಿಸ್ಟೋಫ್ ಬಿರ್ಕ್‌ಮನ್‌ನದು ಎಂದು ಈಚಿನ ಸಂಶೋಧನೆ ಹೇಳುತ್ತದೆ. ಮೂರು ಆರಿಯಾ (ರಾಗವಾಗಿ ಹಾಡುವ ಭಾಗ), ನಡುವೆ ಎರಡು ರೆಸಿಟೇಟಿವ್ (ಮಾತಿನ ಧಾಟಿಯ ಗಾಯನ), ಒಟ್ಟು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಬೇಕಾದವರು ಒಬ್ಬ ಗಾಯಕ, ಒಂದು ಒಬೊ, ಎರಡು ವಯೊಲಿನ್, ಒಂದು ವಿಯೋಲಾ, ಕೆಳಗೆ ಬಾಸೊ ಕಂಟಿನ್ಯುಯೊ. ಕಂಟಿನ್ಯುಯೊ ಎಂದರೆ ಅತಿ ಕೆಳಗಿನ ಬಾಸ್ ಸಾಲನ್ನು ನುಡಿಸುವ ಚೆಲ್ಲೊ ಮತ್ತು ಆರ್ಗನ್.

ಮೊದಲ ಆರಿಯಾದ ಆರಂಭವನ್ನೇ ನೋಡಿ. ಕೆಳಗಿನ ಜಿ ಇಂದ ಇ ಫ್ಲ್ಯಾಟ್‌ಗೆ ಹಾರುವ ಆ ಎಳೆಯನ್ನು ಮೊದಲು ನುಡಿಸುವುದು ಒಬೊ. ಗಾಯಕ ಅದೇ ಎಳೆಯನ್ನು ಆಮೇಲೆ ಎತ್ತಿಕೊಳ್ಳುತ್ತಾನೆ. ಅವನು ದೀರ್ಘ ಸ್ವರದಲ್ಲಿ ನಿಂತಾಗ ಒಬೊ ಅವನ ಮೇಲಿಂದ ಹಾದುಹೋಗುತ್ತದೆ, ಒಬೊ ನಿಂತಾಗ ಅವನು ಚಲಿಸುತ್ತಾನೆ. ಒಬೊ ಅವನಿಗೆ ಪಕ್ಕವಾದ್ಯವಲ್ಲ, ಹಾಡಿನ ಅರ್ಧ ಭಾಗ ಅದರ ಬಾಯಲ್ಲೇ ಇದೆ. ಅದನ್ನು ಮಿಕ್ಸರ್‌ನಲ್ಲಿ ಹಿಂದೆ ತಳ್ಳಿದರೆ ಗಾಯಕ ಸುಮ್ಮನೆ ಒಂದೇ ಸ್ವರ ಹಿಡಿದು ನಿಂತಂತೆ ಕೇಳುತ್ತದೆ. ಆಮೇಲೆ ‘ಹಾಡು ಎಳೆದಾಡುತ್ತದೆ’ ಎಂಬ ದೂರು ಬರುವುದು ಇದರಿಂದಲೇ.

ಇದಕ್ಕಿಂತ ಸೂಕ್ಷ್ಮವಾದದ್ದು ಮೊದಲ ರೆಸಿಟೇಟಿವ್‌ನಲ್ಲಿ ಇದೆ. ಮಾತಿನಂತೆ ಸಾಗುತ್ತಿದ್ದ ಗಾಯನ ‘ಈ ಮನುಷ್ಯನ ಜತೆ ನಾವೂ ಹೋಗೋಣ’ ಎಂಬ ಸಾಲಿಗೆ ಬಂದ ಕೂಡಲೇ ತಾಳಕ್ಕೆ ಬೀಳುತ್ತದೆ. ಗಾಯಕ ಹಾಡಿದ ಸ್ವರಗಳನ್ನೇ ಸ್ವಲ್ಪ ತಡವಾಗಿ ಬಾಸ್ ಸಾಲು ನುಡಿಸುತ್ತದೆ. ಮುದುಕ ಸಿಮೆಯೋನ ಮುಂದೆ, ನಾವು ಹಿಂದೆ. ಕೆಲವೇ ಅಳತೆಗಳ (ತಾಳದ ಸುತ್ತುಗಳ) ಈ ಅನುಸರಣೆ ಕೇಳಬೇಕಾದರೆ ಚೆಲ್ಲೊ ಸ್ಪಷ್ಟವಾಗಿ, ಗಾಯಕನಷ್ಟೇ ತೂಕದಲ್ಲಿ ಇರಬೇಕು. ಲೇಖನ ಬಯಸಿದ ‘ಕಂಠ ಮುಂದೆ, ವಾದ್ಯ ಹಿಂದೆ’ ಮಿಶ್ರಣದಲ್ಲಿ ಇದು ಪೂರ್ತಿ ಕಳೆದುಹೋಗುತ್ತದೆ.

ಬಾಖ್‌ನ ಇನ್ನೊಂದು ಬಾಸ್ ಕ್ಯಾಂಟಾಟಾ ಬಿಡಬ್ಲ್ಯುವಿ 56ರಲ್ಲೂ ಅಷ್ಟೆ. ಅದು 1726ರ ಅಕ್ಟೋಬರ್ 27ರದು. ಬದುಕನ್ನು ಹಡಗಿನ ಪ್ರಯಾಣಕ್ಕೆ ಹೋಲಿಸುವ ರೆಸಿಟೇಟಿವ್‌ನಲ್ಲಿ ಚೆಲ್ಲೊ ಬಿಡದೆ ಅಲೆಯ ಹಾಗೆ ಏರಿಳಿಯುತ್ತಿರುತ್ತದೆ. ‘ಹಡಗಿನಿಂದ ಇಳಿಯುತ್ತೇನೆ’ ಎಂಬ ಮಾತು ಬರುವಲ್ಲಿ ಆ ಅಲೆ ನಿಲ್ಲುತ್ತದೆ. ಅಲೆ ಕೇಳಿಸದವನಿಗೆ ಅದು ನಿಂತದ್ದೂ ತಿಳಿಯುವುದಿಲ್ಲ. ಯಕ್ಷಗಾನದಲ್ಲಿ ಮದ್ದಳೆಯನ್ನು ಮುಚ್ಚಿ ಭಾಗವತರ ಪದ ಮಾತ್ರ ಕೇಳಿಸಿದರೆ ಕುಂಬಳೆಯ ಪ್ರೇಕ್ಷಕ ಎದ್ದುಹೋಗುತ್ತಾನೆ. ಇಲ್ಲಿ ಮಾತ್ರ ಅದೇ ಮಿಶ್ರಣವನ್ನು ಕೇಳುವುದೇಕೆ?

‘ಹಿಮ್ಮೇಳ ಬಡಕಲು’ ಎಂಬ ಮಾತು ಎಲ್ಲಿಂದ ಬಂತು ಎಂಬುದನ್ನು ಊಹಿಸಬಹುದು. ಈ ಕ್ಯಾಂಟಾಟಾಗಳ ಹೆಸರಾಂತ ಹಳೆಯ ಧ್ವನಿಮುದ್ರಣಗಳು, ಗಾಯಕ ಹಾನ್ಸ್ ಹಾಟರ್ 1950ರಲ್ಲಿ ಮಾಡಿದ್ದು, ಗಾಯಕ ಡೀಟ್ರಿಷ್ ಫಿಷರ್-ಡೀಸ್ಕಾವ್ 1951ರಲ್ಲಿ ವಾದ್ಯವೃಂದ ನಿರ್ದೇಶಕ ಕಾರ್ಲ್ ರಿಸ್ಟನ್‌ಪಾರ್ಟ್ ಜತೆ ಮಾಡಿದ್ದು, ಇಂದಿನ ಮಾದರಿಯ ವಾದ್ಯಗಳಲ್ಲಿ, ದೊಡ್ಡ ಕಂಠವನ್ನು ನಡುವೆ ನಿಲ್ಲಿಸಿ ಮಾಡಿದವು. ಅವು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಹಾಟರ್ ಹಾಡಿದ ನಿದ್ರೆಯ ಆರಿಯಾಕ್ಕೆ ಇಂದಿಗೂ ಸಾಟಿ ಕಡಿಮೆ. ಆದರೆ ಅವನ್ನೇ ಅಳತೆಗೋಲಾಗಿ ಹಿಡಿದರೆ ಪೀಟರ್ ಕೋಯ್ ಅವರು ನಿರ್ದೇಶಕ ಫಿಲಿಪ್ ಹೆರೆವೆಗೆ ಜತೆ ಹಾಡಿದ ಮುದ್ರಣವೂ ಬಡಕಲೇ ಆಗುತ್ತದೆ. ಗಾಯಕರಾದ ಮಟಿಯಾಸ್ ಗೊರ್ನೆ, ಥಾಮಸ್ ಕ್ವಾಸ್ಟ್‌ಹೋಫ್ ಇಬ್ಬರೂ ಬಿಡಬ್ಲ್ಯುವಿ 56, 82, 158 ಮೂರನ್ನೂ ಹಾಡಿದ್ದಾರೆ. ಪಕ್ಕಪಕ್ಕ ಇಟ್ಟು ಕೇಳಿದರೆ ತಂತಿವಾದ್ಯಗಳ ತೂಕ ಬದಲಾದಂತೆ ಕಂಠದ ಜಾಗವೂ ಬದಲಾಗುವುದು ತಾನೇ ತಿಳಿಯುತ್ತದೆ.

ಅಷ್ಟಕ್ಕೂ ಈ ಪ್ರಕಾರವೇ ಕೆಲವೇ ಜನರಿಗಾಗಿ ಹುಟ್ಟಿದ್ದು. ಉತ್ತರ ಜರ್ಮನಿಯ ಹೂಸುಮ್‌ನ ಆರ್ಗನ್ ವಾದಕ ನಿಕೊಲಾಸ್ ಬ್ರೂನ್ಸ್ (1665–1697) ಬರೆದ ‘ಮೈನ್ ಹರ್ಟ್ಸ್ ಇಸ್ಟ್ ಬೆರೈಟ್’, 57ನೇ ಕೀರ್ತನೆ, ಬಾಸ್ ಕಂಠ, ಒಂದೇ ವಯೊಲಿನ್, ಕಂಟಿನ್ಯುಯೊ ಇಷ್ಟಕ್ಕೆ. ಆ ವಯೊಲಿನ್ ಮಾತ್ರ ಎರಡು ಮೂರು ತಂತಿಗಳನ್ನು ಒಟ್ಟಿಗೆ ಎಳೆದು ಇಡೀ ತಂಡದ ಕೆಲಸ ಮಾಡುತ್ತದೆ. ಬೀಬರ್‌ನ ‘ನಿಸಿ ದೊಮಿನುಸ್’, 127ನೇ ಕೀರ್ತನೆ, ಇದೇ ಮೂವರಿಗೆ. ಬಾಖ್‌ನ ಸಮಕಾಲೀನ ಟೆಲೆಮನ್ 1725–26ರಲ್ಲಿ ಹ್ಯಾಂಬರ್ಗ್‌ನಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಒಂದು ಕಂಠ, ಒಂದು ವಾದ್ಯ, ಕಂಟಿನ್ಯುಯೊಗಾಗಿ 72 ಕ್ಯಾಂಟಾಟಾಗಳಿವೆ. ಎರಡು ಆರಿಯಾ, ನಡುವೆ ಒಂದು ರೆಸಿಟೇಟಿವ್, ಅಷ್ಟೇ. ಮನೆಯಲ್ಲಿ ಹಾಡಿಕೊಳ್ಳಲೂ ಆಗಲಿ ಎಂದೇ ಅವನು ಅದನ್ನು ಮಾಡಿದ್ದು. ಹೊಸದಾಗಿ ಈ ದಾರಿಗೆ ಬರುವವರು ಬಾಖ್‌ಗಿಂತ ಮೊದಲು ಇದನ್ನು ಹಿಡಿಯುವುದು ಒಳ್ಳೆಯದು.

ನಮ್ಮ ಗಾಯನವೃಂದಗಳಿಗೆ ಹೇಳುವುದಿದ್ದರೆ ಲೇಖನ ಇದನ್ನು ಹೇಳಬಹುದಿತ್ತು. ಕರಾವಳಿಗೆ ಜರ್ಮನ್ ಚರ್ಚ್ ಸಂಗೀತ ಹೊಸದೇನಲ್ಲ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಕೋರಲ್ (ಸಭೆ ಕೂಡಿ ಹಾಡುವ ಚರ್ಚ್ ಗೀತೆ) ರಾಗಗಳಿಗೆ ಕನ್ನಡ ಗೀತೆಗಳು ಕೂಡಿಕೊಂಡವು, ಅವನ್ನು ನಾಲ್ಕು ಧ್ವನಿಗಳಲ್ಲಿ ಹಾಡುವ ರೂಢಿಯೂ ಇದೆ. ಹಾಗಾಗಿ ಬಿಡಬ್ಲ್ಯುವಿ 56ರ ಕೊನೆಯ ಕೋರಲ್ ಇಲ್ಲಿನ ಯಾವ ನುರಿತ ಗಾಯನವೃಂದಕ್ಕೂ ನಿಲುಕುವಂಥದ್ದು. ರಾಗ ಯೋಹಾನ್ ಕ್ರ್ಯೂಗರ್‌ನದು. ಎಡವುವುದು ಶುರುವಿನಲ್ಲೇ: ಮೊದಲ ಪದ ತಾಳದ ಪೆಟ್ಟಿಗೆ ಸರಿಯಾಗಿ ಬೀಳುವುದಿಲ್ಲ, ಪೆಟ್ಟಿಗೆ ಮುಂಚೆಯೇ ಎತ್ತಿ ಪೆಟ್ಟಿನ ಮೇಲೆ ಹಾಯಿಸಿ ಹಿಡಿಯಬೇಕು. ಅಭ್ಯಾಸವಿಲ್ಲದವರು ಎಲ್ಲರೂ ಸೇರಿ ಅದನ್ನು ನೆಟ್ಟಗೆ ಮಾಡಿಬಿಡುತ್ತಾರೆ, ಆಗ ಮುಂದಿನ ಎರಡು ಅಳತೆಗಳಲ್ಲಿ ಟೆನರ್ ಒಂದು ಕಡೆ, ಬಾಸ್ ಒಂದು ಕಡೆ. ಬಾಸ್ ಸಾಲನ್ನು ಮೊದಲು ಒಂಟಿಯಾಗಿ, ಕೈಯಲ್ಲಿ ತಾಳ ಹಾಕಿಕೊಂಡು ಹಾಡಿಸಿ, ಆಮೇಲೆ ರಾಗವನ್ನು ಸೇರಿಸಿದರೆ ಇದು ತಪ್ಪುತ್ತದೆ.

ಟ್ರ್ಯಾಕ್ ಹಾಕಿ ಹಾಡುವುದು ಈ ಸಂಗೀತಕ್ಕೆ ಏಕೆ ಆಗದು ಎಂದರೆ, ಬಿಡಬ್ಲ್ಯುವಿ 82ರ ‘ಷ್ಲುಮ್ಮರ್ಟ್ ಐನ್’ ಎಂಬ ನಡುವಿನ ನಿದ್ರೆಯ ಆರಿಯಾದಲ್ಲಿ ಹಾಡು ನಡುನಡುವೆ ನಿಂತುಬಿಡುತ್ತದೆ. ಹಾಳೆಯಲ್ಲಿ ಫರ್ಮಾಟಾ, ಅಂದರೆ ತಾಳ ಬಿಟ್ಟು ನಿಲ್ಲುವ ಗುರುತು, ಹಾಕಿದೆ. ಎಷ್ಟು ನಿಲ್ಲಬೇಕು ಎಂಬುದನ್ನು ಆ ಕಟ್ಟಡದ ಪ್ರತಿಧ್ವನಿ ಮತ್ತು ಗಾಯಕನ ಉಸಿರು ನಿರ್ಧರಿಸುತ್ತವೆ, ಪೆನ್‌ಡ್ರೈವ್ ನಿರ್ಧರಿಸಲಾಗದು. ರೆಸಿಟೇಟಿವ್‌ಗಂತೂ ಟ್ರ್ಯಾಕ್ ಎಂಬುದೇ ಅಸಂಬದ್ಧ. ಹಾಳೆಯಲ್ಲಿ ಬಾಸ್ ಸ್ವರ ಇಡೀ ಅಳತೆ ಉದ್ದ ಕಂಡರೂ ಆರ್ಗನ್ ಅದನ್ನು ಒಂದು ಮಾತ್ರೆ ನುಡಿಸಿ ಬಿಡುವ ರೂಢಿ ಇದೆ, ಪದ ಸ್ಪಷ್ಟವಾಗಲಿ ಎಂದು. ಚೆಲ್ಲೊದವರೂ ಹಾಗೇ ಬಿಡುತ್ತಾರೋ ಹಿಡಿಯುತ್ತಾರೋ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಸಾಲಿನ ಕೊನೆಗೆ ಒಂದೇ ಸ್ವರ ಎರಡು ಸಲ ಬರೆದಿದ್ದರೆ ಮೊದಲನೆಯದನ್ನು ಒಂದು ಮೆಟ್ಟಿಲು ಮೇಲಿಂದ ಇಳಿಸಿ ಹಾಡುವುದು ಪದ್ಧತಿ. ಇದು ಗೊತ್ತಿಲ್ಲದೆ ಇದ್ದದ್ದನ್ನು ಇದ್ದಂತೆ ಹಾಡಿದರೆ ಓದಿ ಹೇಳಿದಂತಾಗುತ್ತದೆ.

ಕೀಬೋರ್ಡ್ ಒಂದನ್ನೇ ನಂಬಬೇಕಾದವರು ‘ಚರ್ಚ್ ಆರ್ಗನ್’ ಎಂಬ ಗುಂಡಿಯನ್ನು ಒತ್ತಬೇಡಿ, ಅದರಲ್ಲಿ ಎಲ್ಲ ಪೈಪುಗಳೂ ಒಟ್ಟಿಗೆ ಕೂಗುತ್ತವೆ. 8 ಅಡಿಯ ಫ್ಲೂಟ್ ಸ್ಟಾಪ್ (ಆರ್ಗನ್ನಿನ ಒಂದು ಮೆದು ನಾದದ ಆಯ್ಕೆ) ಒಂದೇ ಸಾಕು. ಅದರ ನಡುಕ, ರಿವರ್ಬ್, ಕೋರಸ್ ಮೂರನ್ನೂ ಬಂದ್ ಮಾಡಿ. ಬಾಸ್ ಸಾಲಿನ ಮೇಲಿರುವ 6, 7, 4–2 ಎಂಬ ಅಂಕಿಗಳಿಗೆ (ಬಾಸ್ ಮೇಲೆ ಯಾವ ಸ್ವರ ಕೂಡಿಸಬೇಕೆಂದು ಹೇಳುವವು) ಬಲಗೈಯಲ್ಲಿ ಮೂರು ಸ್ವರ ಮೀರದಂತೆ, ನಡು ಸಿ ಇಂದ ಒಂದು ಸ್ಥಾಯಿಯೊಳಗೆ ಹಿಡಿಯಿರಿ. ಒಬೊದ ರಾಗವನ್ನು ಬಲಗೈಯಲ್ಲಿ ಜತೆಗೂಡಿ ನುಡಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ಕೆಲವು ಡಿಜಿಟಲ್ ಪಿಯಾನೊಗಳಲ್ಲಿ ಶ್ರುತಿಯನ್ನು 415ರ ಹತ್ತಿರಕ್ಕೆ ಇಳಿಸುವ, ವರ್ಕ್‌ಮೈಸ್ಟರ್ ಅಥವಾ ಕಿರ್ನ್‌ಬರ್ಗರ್ ಮೇಳಕ್ಕೆ (ಸ್ವರಗಳ ನಡುವಿನ ಅಂತರ ಹಂಚುವ ಹಳೆಯ ಕ್ರಮಕ್ಕೆ) ಬದಲಿಸುವ ವ್ಯವಸ್ಥೆ ಇರುತ್ತದೆ. ಟ್ರಾನ್ಸ್‌ಪೋಸ್ ಗುಂಡಿಯಿಂದ ಇಳಿಸಿದಾಗ ಮೇಳದ ಆಧಾರ ಸ್ವರ ಎಲ್ಲಿಗೆ ಹೋಯಿತು ಎಂದು ಸಿ ಮೈನರ್ ಕೂಟವನ್ನು ಒತ್ತಿ ಪರೀಕ್ಷಿಸಿಕೊಳ್ಳಿ. ಆಧಾರ ತಪ್ಪಿದ್ದರೆ ಅದು ಕಿವಿ ಕೊರೆಯುತ್ತದೆ.

ವಯೊಲಿನ್‌ಗಳು ಉಕ್ಕಿನ ತಂತಿಯವಾದರೆ 415ಕ್ಕೆ ಇಳಿಸಲು ಹೋಗಬೇಡಿ. ತಂತಿ ಸಡಿಲವಾಗಿ ನಾದ ಕೆಡುತ್ತದೆ, ಬಿಲ್ಲು ಒತ್ತಿದರೆ ಸ್ವರ ನಿಲ್ಲುವುದಿಲ್ಲ. 440ರಲ್ಲೇ ಇರಿ. ಕರ್ನಾಟಕ ಸಂಗೀತದ ಪಿಟೀಲು ಸ-ಪ-ಸ-ಪಕ್ಕೆ ಕಟ್ಟಿರುತ್ತದೆ. ಅದನ್ನು ಹಾಗೇ ತಿರುಚಿ ಜಿ-ಡಿ-ಎ-ಇ ಮಾಡಲು ಹೋದರೆ ಒಂದೋ ತಂತಿ ಹರಿಯುತ್ತದೆ, ಇಲ್ಲವೋ ಜೋಲುತ್ತದೆ. ತಂತಿಗಳನ್ನೇ ಬದಲಿಸಬೇಕು. ಮಳೆಗಾಲದಲ್ಲಿ ಮರದ ಬಿರಡೆಗಳು ಉಬ್ಬಿ ಹಿಡಿದುಕೊಳ್ಳುತ್ತವೆ, ಎಸಿ ಕೋಣೆಗೆ ಒಯ್ದರೆ ಒಣಗಿ ಜಾರುತ್ತವೆ. ಚೆಲ್ಲೊ ಸಿಗದಿದ್ದರೆ ಬಾಸ್ ಗಿಟಾರ್ ಬೇಡ, ಕೀಬೋರ್ಡಿನ ಎಡಗೈ ಒಂದೇ ಎಷ್ಟೋ ಮೇಲು.

ಒಬೊ ಸಿಗದವರು ಸಾಮಾನ್ಯವಾಗಿ ಕೊಳಲಿನ ಕಡೆ ನೋಡುತ್ತಾರೆ, ಅಲ್ಲಿ ಒಂದು ಹಳ್ಳ ಇದೆ. 1731ರಲ್ಲಿ ಬಾಖ್ ಬಿಡಬ್ಲ್ಯುವಿ 82ನ್ನೇ ಕೊಳಲಿಗೆ ಹೊಂದಿಸಿದ್ದು ನಿಜ, ಆದರೆ ಸೊಪ್ರಾನೊ (ಅತಿ ಎತ್ತರದ) ಕಂಠಕ್ಕೆ, ಇ ಮೈನರ್‌ನಲ್ಲಿ. ‘ಬಿಡಬ್ಲ್ಯುವಿ 82ಎ’ ಎಂದು ಸಿಕ್ಕುವ ಹಾಳೆ ಅದು. ಅದನ್ನು ಬಾರಿಟೋನ್ ಕೈಗೆ ಕೊಟ್ಟರೆ ಎಲ್ಲವೂ ನಾಲ್ಕು ಅರ್ಧ ಸ್ವರ ಮೇಲಕ್ಕೆ. ಇ ಫ್ಲ್ಯಾಟ್ ಇದ್ದಲ್ಲಿ ಜಿ ಹಾಡಬೇಕಾಗುತ್ತದೆ. ಸಿ ಮೈನರ್‌ನಲ್ಲೇ ಉಳಿದು ಒಬೊ ಭಾಗವನ್ನು ಕೊಳಲಿಗೆ ಕೊಟ್ಟರೆ ಕೆಳಗಿನ ಸ್ವರಗಳು ಕೇಳಿಸುವುದಿಲ್ಲ. ಒಬೊ ಬದಲಿಗೆ ಇನ್ನೊಂದು ವಯೊಲಿನ್ ನಿಲ್ಲಿಸುವುದು ಸುರಕ್ಷಿತ. ಬಣ್ಣ ಬದಲಾಗುತ್ತದೆ, ಸಂಭಾಷಣೆ ಉಳಿಯುತ್ತದೆ.

ಉಚ್ಚಾರಣೆಗೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ವಾಡಿಕೆ, ಮೇಲೆ ನಾವೂ ಹಾಗೇ ಬರೆದಿದ್ದೇವೆ. ಆದರೆ ‘ಇಖ್’ ಎಂದು ಗಂಟಲಿಂದ ಖಕಾರ ಹೇಳುವುದೂ ತಪ್ಪು, ‘ಇಚ್’ ಎನ್ನುವುದು ಇನ್ನೂ ತಪ್ಪು. ನಾಲಗೆಯನ್ನು ‘ಯ’ ಹೇಳುವಂತೆ ಮೇಲೆತ್ತಿ ದನಿಯಿಲ್ಲದೆ ಗಾಳಿ ಮಾತ್ರ ಬಿಡಬೇಕು. ಕನ್ನಡದಲ್ಲೇ ಹಾಡಬಾರದೇ ಎಂಬ ಪ್ರಶ್ನೆ ಬರುತ್ತದೆ. ಕೋರಲ್ ಧಾರಾಳವಾಗಿ ಹಾಡಬಹುದು. ಆರಿಯಾದಲ್ಲಿ ಮಾತ್ರ ದೀರ್ಘ ಸ್ವರಗಳು ಸಾಲಿನ ತುದಿಗೆ ಬರುತ್ತವೆ, ನಮ್ಮ ಸಾಲುಗಳ ತುದಿಯಲ್ಲಿರುವುದು ಸಾಮಾನ್ಯವಾಗಿ ಹ್ರಸ್ವ. ಅದನ್ನು ಎಳೆದರೆ ಪದ ಕೆಡುತ್ತದೆ. ಲೂಕ 2ರ 25ರಿಂದ 32ರವರೆಗಿನ ವಚನಗಳನ್ನು ಕನ್ನಡದಲ್ಲಿ ಮೊದಲು ಓದಿ, ಆರಿಯಾವನ್ನು ಜರ್ಮನ್‌ನಲ್ಲಿ ಹಾಡಿದರೆ ಕೇಳುವವರಿಗೆ ಯಾವ ಗೊಂದಲವೂ ಆಗುವುದಿಲ್ಲ.

ಈಗ ಧ್ವನಿಮುದ್ರಣ. ಮೈಕ್ ಬಾಯಿಗೆ ಹತ್ತಿರ ಹಿಡಿದು ಎಕೋ ಸೇರಿಸುವ ಕ್ರಮದಲ್ಲಿ ಉಸಿರಿನ ಸದ್ದು, ತುಟಿಯ ಸದ್ದು ದೊಡ್ಡದಾಗಿ ಬಂದು, ಒಬೊ ಮಾತ್ರ ದೂರದ ಇನ್ನೊಂದು ಕೋಣೆಯಲ್ಲಿ ಇದ್ದಂತಾಗುತ್ತದೆ. ಇದಕ್ಕೆ ಎರಡು ಸಣ್ಣ ಡಯಾಫ್ರಮ್ ಕಂಡೆನ್ಸರ್ ಮೈಕ್ ಸಾಕು. ಒಂದೇ ಸ್ಟ್ಯಾಂಡಿನ ಮೇಲೆ 17 ಸೆಂ.ಮೀ. ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಹೊರಮುಖವಾಗಿ ಕಟ್ಟಿ, ಎರಡೂವರೆ ಮೀಟರ್ ಎತ್ತರಕ್ಕೆ ಏರಿಸಿ. ಗಾಯಕ ಮೈಕಿನಿಂದ ಎರಡು ಮೀಟರ್ ಆಸುಪಾಸಿನಲ್ಲಿ ನಡುವೆ ನಿಲ್ಲಲಿ. ಒಬೊ ಅದೇ ಅರ್ಧಚಂದ್ರದ ಸಾಲಿನಲ್ಲಿ ಪಕ್ಕಕ್ಕೆ ಇರಲಿ, ಅದರ ಬಾಯಿ ನೇರ ಮೈಕಿನತ್ತ ತಿರುಗದಂತೆ. ಚೆಲ್ಲೊ ಇನ್ನೊಂದು ಪಕ್ಕದಲ್ಲಿ, ಕೀಬೋರ್ಡಿನ ಸ್ಪೀಕರ್ ಚೆಲ್ಲೊ ಹಿಂದೆ ಕುರ್ಚಿಯ ಎತ್ತರದಲ್ಲಿ. ನೆಲದ ಮೇಲಿಟ್ಟರೆ ಗುಂಯ್‌ಗುಡುತ್ತದೆ. ಒಂದು ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ, ಯಾರಾದರೂ ಹೆಚ್ಚೆನಿಸಿದರೆ ಅವರನ್ನು ಅರ್ಧ ಹೆಜ್ಜೆ ಹಿಂದೆ ಸರಿಸಿ. ಗುಂಡಿ ತಿರುಗಿಸಿ ಸರಿಮಾಡುವ ಕೆಲಸ ಇದಲ್ಲ, ಮನುಷ್ಯರನ್ನು ಸರಿಸುವ ಕೆಲಸ. 24 ಬಿಟ್‌ನಲ್ಲಿ, ಅತಿ ಜೋರಾದ ಜಾಗದಲ್ಲೂ ಸೂಚಿ ಮೈನಸ್ 12 ಡೆಸಿಬಲ್ ದಾಟದಂತೆ ಮಟ್ಟ ಇಡಿ. ಅಭ್ಯಾಸದ ವೇಳೆ ಹಾಡಿದ್ದಕ್ಕಿಂತ ನಿಜವಾದ ಟೇಕ್‌ನಲ್ಲಿ ಎಲ್ಲರೂ ಜೋರಾಗಿ ಹಾಡುವವರೇ.

ಜಾಗದ ಆಯ್ಕೆಗೆ ಚಪ್ಪಾಳೆ ಪರೀಕ್ಷೆ ಸಾಕು. ಖಾಲಿ ಚರ್ಚಿನ ನಡುವೆ ಒಂದು ಚಪ್ಪಾಳೆ ತಟ್ಟಿ, ಸದ್ದು ಮೆಲ್ಲಗೆ ಎರಡು ಸೆಕೆಂಡಿನಲ್ಲಿ ಕರಗಿದರೆ ಒಳ್ಳೆಯ ಜಾಗ. ಹೆಂಚಿನ ಮಾಡಿನ, ಕೆಂಪುಕಲ್ಲಿನ ಹಳೆಯ ಕಟ್ಟಡಗಳಲ್ಲಿ ಇದು ಸಿಗುವುದುಂಟು. ಹೊಸ ಆರ್‌ಸಿಸಿ ಸಭಾಂಗಣಗಳಲ್ಲಿ ಎದುರುಬದುರು ಬೋಳು ಗೋಡೆಗಳ ನಡುವೆ ‘ಟರ್‌ರ್’ ಎಂಬ ಸದ್ದು ಬರುತ್ತದೆ. ಒಂದು ಗೋಡೆಗೆ ಮಾತ್ರ ಜಮಖಾನ ಇಳಿಬಿಟ್ಟರೆ ಅದು ಹೋಗುತ್ತದೆ, ಎರಡೂ ಗೋಡೆಗೆ ಹಾಕಿದರೆ ಸ್ವರವೇ ಸತ್ತುಹೋಗುತ್ತದೆ.

ಫ್ಯಾನ್ ಆರಿಸಲೇಬೇಕು. ಗಾಳಿಯ ಸದ್ದಿಗಷ್ಟೇ ಅಲ್ಲ, ತಿರುಗುವ ರೆಕ್ಕೆಗಳು ದೀರ್ಘ ಸ್ವರವನ್ನು ಅಲುಗಿಸುತ್ತವೆ. ಚೋಕ್ ಇರುವ ಟ್ಯೂಬ್‌ಲೈಟ್, ಇನ್ವರ್ಟರ್, ಪಡಸಾಲೆಯ ಫ್ರಿಜ್ ಎಲ್ಲವನ್ನೂ ಆರಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ. ವಿದ್ಯುತ್ತಿನ ಗುಂಯ್ ಸದ್ದು ಕಡಿಮೆ, ಕರೆಂಟು ಹೋದರೂ ಟೇಕ್ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಬೇಡಿ. ಹೆಂಚಿನ ಮೇಲಿನ ಮಳೆಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಅಳಿಸಲಾರದು. ಬೇಸಗೆಯ ಮುಸ್ಸಂಜೆಯೂ ಬೇಡ, ಜೀರುಂಡೆಯ ಸದ್ದು ಸರಿಯಾಗಿ ಜರ್ಮನ್‌ನ ಸ್, ಷ್, ಟ್ ಇರುವ ಎತ್ತರದಲ್ಲೇ ಬಂದು ಕೂತು ಪದಗಳನ್ನು ನುಂಗುತ್ತದೆ. ರೈಲು ಹಳಿ, ಹೆದ್ದಾರಿ 66 ಹತ್ತಿರ ಇದ್ದರೆ ರಾತ್ರಿ ತಡವಾಗಿ, ರೈಲಿನ ವೇಳೆ ನೋಡಿಕೊಂಡು ಮಾಡಬೇಕು.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಗಾಳಿವಾದ್ಯದ ಶ್ರುತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಏರುತ್ತದೆ. ಬೆಳಿಗ್ಗೆ ಮಾಡಿದ ಟೇಕ್‌ಗೂ ಮಧ್ಯಾಹ್ನದ ಟೇಕ್‌ಗೂ 5 ಡಿಗ್ರಿ ವ್ಯತ್ಯಾಸ ಆದರೆ 15 ಸೆಂಟ್. ಕೀಬೋರ್ಡ್ ಅಲ್ಲೇ ನಿಂತಿರುತ್ತದೆ, ಒಬೊ ಮೇಲೆ ಹೋಗಿರುತ್ತದೆ. ಎರಡನ್ನೂ ಕತ್ತರಿಸಿ ಅಂಟಿಸಿದರೆ ಜೋಡಣೆ ಕೇಳುವವರಿಗೆ ತಿಳಿದುಬಿಡುತ್ತದೆ. ಹಾಗಾಗಿ ಒಂದು ಆರಿಯಾವನ್ನು ಒಂದೇ ಹೊತ್ತಿನಲ್ಲಿ, ಮೊದಲು ಎರಡು ಸಲ ಪೂರ್ತಿ, ಆಮೇಲೆ ತಪ್ಪಿದ ಜಾಗಗಳನ್ನು ನಾಲ್ಕು ಅಳತೆ ಹಿಂದಿನಿಂದ ಎತ್ತಿ ಮುಗಿಸಿ. ಕತ್ತರಿ ಹಾಕುವುದಿದ್ದರೆ ಉಸಿರಿನ ಮುಂಚೆ ಹಾಕಿ, ಉಸಿರಿನ ಮೇಲಲ್ಲ. ಕೊನೆಗೆ ಯಾರೂ ಅಲುಗಾಡದೆ ಒಂದು ನಿಮಿಷ ಖಾಲಿ ಚರ್ಚಿನ ಸದ್ದನ್ನು ಮುದ್ರಿಸಿಕೊಳ್ಳಿ. ರೆಸಿಟೇಟಿವ್ ಮತ್ತು ಆರಿಯಾಗಳ ನಡುವಿನ ಜಾಗ ತುಂಬಲು ಅದು ಬೇಕೇ ಬೇಕು, ಪೂರ್ತಿ ನಿಶ್ಶಬ್ದ ಹಾಕಿದರೆ ಮುದ್ರಣ ನಿಂತುಹೋಯಿತೇನೋ ಅನಿಸುತ್ತದೆ.

ಕೇಳುವವರಿಗೂ ಒಂದು ಮಾತು. ಚೆಲ್ಲೊದ ಅತಿ ಕೆಳಗಿನ ಸಿ, 415ರ ಶ್ರುತಿಯಲ್ಲಿ, ಸುಮಾರು 62 ಹರ್ಟ್ಸ್. ಫೋನಿನ ಸ್ಪೀಕರ್ ಅಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ಬಾಸ್ ಸಾಲಿನ ಬುಡ ಮಾಯವಾಗಿ ಕಂಠ ಮತ್ತು ಒಬೊ ಗಾಳಿಯಲ್ಲಿ ನೇತಾಡುತ್ತವೆ. ಲೇಖನ ಹೇಳಿದ ‘ಬಡಕಲು’ತನಕ್ಕೆ ಇದೂ ಕಾರಣ ಇರಬಹುದು. ತಂತಿಯಿರುವ ಸಾಧಾರಣ ಹೆಡ್‌ಫೋನ್ ಹಾಕಿದರೂ ಸಾಕು. ಆ್ಯಪಿನಲ್ಲಿ ಶಫಲ್ ನಿಲ್ಲಿಸಿ, ಹಾಡುಗಳ ನಡುವೆ ಬಿಡುವು ಬಾರದ ಆಯ್ಕೆ ಹಾಕಿಕೊಳ್ಳಿ. ಬಿಡಬ್ಲ್ಯುವಿ 82ರ ಎರಡನೇ ರೆಸಿಟೇಟಿವ್ ‘ಲೋಕವೇ, ಶುಭರಾತ್ರಿ’ ಎಂದು ಕೆಳಗಿಳಿದು ಮುಗಿದ ಕೂಡಲೇ ಕೊನೆಯ ಆರಿಯಾ ಚುರುಕಾಗಿ ಏಳಬೇಕು. ನಡುವೆ ಜಾಹೀರಾತು ಬಂದರೆ ಆ ಏಳುವಿಕೆಗೆ ಅರ್ಥವಿಲ್ಲ.

ಸ್ವರಲಿಪಿ ಹುಡುಕುವವರಿಗೆ: ಬಾಖ್ ಸಂಘ 1851ರಿಂದ ಹೊರತಂದ ಹಳೆಯ ಸಂಪುಟಗಳ ಹಕ್ಕುಸ್ವಾಮ್ಯ ಮುಗಿದಿದೆ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಬಾರಿಟೋನ್‌ಗಾಗಿ ಬಿಡಬ್ಲ್ಯುವಿ 82ನ್ನು ಇಳಿಸಿಕೊಳ್ಳುವಾಗ ಮೊದಲ ಪುಟದಲ್ಲಿ ಮೂರು ಫ್ಲ್ಯಾಟ್ ಗುರುತುಗಳಿವೆಯೇ, ಕಂಠದ ಸಾಲಿಗೆ ಬಾಸ್ ಕ್ಲೆಫ್ ಇದೆಯೇ ಎಂದು ನೋಡಿಕೊಳ್ಳಿ. ನಿಮ್ಮ ಪುರವಣಿಯವರಲ್ಲೂ ಒಂದು ಕೋರಿಕೆ: ಇಂಥ ಆಲ್ಬಂಗಳ ಪರಿಚಯ ಹಾಕುವಾಗ ಗಾಯಕರ ಹೆಸರಿನ ಜತೆ ಶ್ರುತಿ ಎಷ್ಟು, ಪ್ರತಿ ಭಾಗಕ್ಕೆ ಎಷ್ಟು ವಾದ್ಯ, ಯಾವ ಕಟ್ಟಡದಲ್ಲಿ ಮುದ್ರಣ, ಒಬೊ ಮತ್ತು ಚೆಲ್ಲೊ ನುಡಿಸಿದವರು ಯಾರು ಎಂಬುದನ್ನೂ ಎರಡು ಸಾಲಿನಲ್ಲಿ ಕೊಡಿ. ಆಲ್ಬಂ ಜತೆ ಬರುವ ಪುಸ್ತಿಕೆಯಲ್ಲಿ ಇವೆಲ್ಲ ಇರುತ್ತವೆ.

– ಕುಂಬಳೆ, ಮಂಜೇಶ್ವರ ಕಡೆಯ ಕೆಲವು ಚರ್ಚ್ ಸಂಗೀತಗಾರರು
ಕಾಸರಗೋಡು ಜಿಲ್ಲೆ